ಮೋಟರ್‌ಹೋಮ್ ಮೆಟ್ಟಿಲು ಕೆಟ್ಟಿದೆಯಾ? ಹೊಸ ಮೋಟರ್ ತರಿಸೋ ಮೊದಲು ಇಷ್ಟು ನೋಡಿ

ಅಮೆರಿಕದಲ್ಲಿ ಹಳೆ ಮೋಟರ್‌ಹೋಮ್ (ಒಳಗೇ ಉಳಿದುಕೊಂಡು ಊರೂರು ತಿರುಗುವ ಮನೆಯಂಥ ಗಾಡಿ) ಕೊಂಡ ಗೆಳೆಯರು ನನ್ನನ್ನು ಎಂಜಿನ್ ಬಗ್ಗೆ ಕೇಳೋದು ಕಡಿಮೆ. ಜಾಸ್ತಿ ಕೇಳೋದು ಬಾಗಿಲ ಕೆಳಗಿನ ಮೆಟ್ಟಿಲ ಬಗ್ಗೆ, ಬಾಗಿಲು ತೆಗೆದರೆ ಕರೆಂಟಿನಿಂದ ತಾನೇ ಹೊರಗೆ ಬಂದು ಮುಚ್ಚಿದರೆ ಒಳಗೆ ಹೋಗುತ್ತಲ್ಲ, ಅದು. ‘ಬಾಗಿಲು ತೆಗೆದರೂ ಹೊರಗೆ ಬರ್ತಿಲ್ಲ.’ ‘ಅರ್ಧಕ್ಕೇ ನಿಂತುಬಿಡುತ್ತೆ.’ ‘ಒಳಗೆ ಹೋಗ್ತಾನೇ ಇಲ್ಲ, ನಾಳೆ ಬೆಳಿಗ್ಗೆ ಹೊರಡಬೇಕು.’ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಯಾವ ಮೋಟರ್ ಆರ್ಡರ್ ಮಾಡಲಿ?’

ಸದ್ಯಕ್ಕೆ ಯಾವುದನ್ನೂ ಮಾಡಬೇಡಿ. ಈ ಮೆಟ್ಟಿಲಿನಲ್ಲಿ ಮೊದಲು ಕೆಡೋದು ಮೋಟರ್ ಅಲ್ಲ. ಅದಕ್ಕೆ ಕರೆಂಟ್ ತರುವ ವೈರ್, ವೈರಿನ ತುದಿಯ ತುಕ್ಕು, ಬಾಗಿಲಲ್ಲಿರೋ ಪುಟ್ಟ ಆಯಸ್ಕಾಂತ, ಒಣಗಿಹೋದ ಕೀಲು, ಇವೇ ಹೆಚ್ಚಾಗಿ ತೊಂದರೆ ಕೊಡೋದು. ಇವನ್ನು ಪರೀಕ್ಷಿಸಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಒಂದಿದ್ದರೆ ಸಾಕು. ಮೋಟರ್, ಅದನ್ನು ನಡೆಸುವ ಕಂಟ್ರೋಲರ್ ಎರಡೂ ದುಬಾರಿ. ಅವುಗಳ ಸರದಿ ಕೊನೆಗೆ ಬರಲಿ.

ಇಲ್ಲಿ ಹೇಳುವುದು ಅಮೆರಿಕದ ಗಾಡಿಗಳಲ್ಲಿ ತುಂಬ ಕಾಣುವ ಕ್ವಿಕೀ ಹೆಸರಿನ ಮೆಟ್ಟಿಲನ್ನು ಮನಸ್ಸಲ್ಲಿಟ್ಟುಕೊಂಡು. ಈ ಬ್ರ್ಯಾಂಡ್ 2014ರಲ್ಲಿ ಲಿಪ್ಪರ್ಟ್ ಕಂಪನಿಯ ಕೈ ಸೇರಿತು. ಹಾಗಾಗಿ ಮೆಟ್ಟಿಲ ಮೇಲೆ ಕ್ವಿಕೀ ಅಂತ ಇದ್ದರೂ ಬಿಡಿಭಾಗ, ಕೈಪಿಡಿ ಎಲ್ಲ ಲಿಪ್ಪರ್ಟ್ ಹೆಸರಲ್ಲಿ ಸಿಗುತ್ತವೆ. ಯುರೋಪಿನ ಗಾಡಿಗಳಲ್ಲಿ ಥೂಲೆ ಥರದ ಬೇರೆ ಕಂಪನಿಗಳ ಮೆಟ್ಟಿಲುಗಳಿರುತ್ತವೆ. ಅವುಗಳ ವೈರಿಂಗ್ ಬೇರೆ. ತೊಳೆಯೋದು, ಎಣ್ಣೆ ಹಾಕೋದು, ವೋಲ್ಟೇಜ್ ನೋಡೋದು ಮಾತ್ರ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ.

ಇದು ಕೆಲಸ ಮಾಡೋದು ಹೇಗೆ?

ಬಾಗಿಲಲ್ಲಿ ಒಂದು ಆಯಸ್ಕಾಂತ, ಅದರ ಎದುರು ಚೌಕಟ್ಟಿನಲ್ಲಿ ಒಂದು ರೀಡ್ ಸ್ವಿಚ್ ಇರುತ್ತದೆ. ರೀಡ್ ಸ್ವಿಚ್ ಅಂದರೆ ಆಯಸ್ಕಾಂತ ಹತ್ತಿರ ಬಂದಾಗ, ದೂರ ಹೋದಾಗ ತಾನಾಗಿಯೇ ಬದಲಾಗುವ ಸ್ವಿಚ್. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ಅದು ಕಂಟ್ರೋಲರ್‌ಗೆ ತಿಳಿಸುತ್ತದೆ. ಕಂಟ್ರೋಲರ್ ಅಂದರೆ ಮೆಟ್ಟಿಲ ಚೌಕಟ್ಟಿಗೇ ಕೂತಿರುವ ಸಣ್ಣ ಎಲೆಕ್ಟ್ರಾನಿಕ್ ಡಬ್ಬಿ. ಅದು ಮೋಟರನ್ನು ಒಂದು ಕಡೆಗೋ ಇನ್ನೊಂದು ಕಡೆಗೋ ತಿರುಗಿಸುತ್ತದೆ. ಮೋಟರ್ ಒಂದು ಗೇರನ್ನು ತಿರುಗಿಸುತ್ತದೆ, ಗೇರ್ ಒಂದು ಕೀಲುತೋಳನ್ನು ತಳ್ಳುತ್ತದೆ, ತೋಳು ಮೆಟ್ಟಿಲನ್ನು ಹೊರಗೆ ದೂಡುತ್ತದೆ.

ಒಂದು ವಿಷಯ ಚೆನ್ನಾಗಿ ತಲೆಯಲ್ಲಿರಲಿ. ಈ ಕಂಟ್ರೋಲರ್‌ಗೆ ಕಣ್ಣಿಲ್ಲ. ಮೆಟ್ಟಿಲು ಪೂರ್ತಿ ಹೊರಗೆ ಬಂತೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅನ್ನೋದನ್ನು ಮಾತ್ರ ನೋಡುತ್ತದೆ. ಮೆಟ್ಟಿಲು ಕೊನೆ ಮುಟ್ಟಿ ತಡೆದಾಗ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ‘ಸರಿ, ಕೊನೆಗೆ ಬಂತು’ ಅಂತ ಕಂಟ್ರೋಲರ್ ನಿಲ್ಲಿಸುತ್ತದೆ. ಈಗ ಯೋಚನೆ ಮಾಡಿ. ದಾರಿ ಮಧ್ಯೆ ಒಂದು ಕೀಲು ತುಕ್ಕು ಹಿಡಿದು ಬಿಗಿಯಾಗಿದ್ದರೂ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ ಅಲ್ವಾ? ಆಗಲೂ ಕಂಟ್ರೋಲರ್ ಕೊನೆ ಬಂತು ಅಂದುಕೊಳ್ಳುತ್ತದೆ. ಮೆಟ್ಟಿಲು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಹೀಗೇ. ನಾವು ಎಲೆಕ್ಟ್ರಾನಿಕ್ ದೋಷ ಅಂತ ಡಬ್ಬಿ ಬದಲಿಸುತ್ತೇವೆ. ಅಲ್ಲಿ ಬೇಕಿದ್ದದ್ದು ಬ್ರಷ್ ಮತ್ತು ಎಣ್ಣೆ.

ಏನೇನು ಬೇಕು

ಡಿಜಿಟಲ್ ಮಲ್ಟಿಮೀಟರ್. ಇಂಚಿನ ಅಳತೆಯ ಸಾಕೆಟ್ ಸೆಟ್ (ಅಮೆರಿಕದ ಮೆಟ್ಟಿಲಿನ ಬೋಲ್ಟ್‌ಗಳಿಗೆ ಮಿಲಿಮೀಟರ್ ಸ್ಪ್ಯಾನರ್ ಹಾಕಿ ತಲೆ ಸವೆಸಬೇಡಿ). ತಂತಿ ಬ್ರಷ್, ತುಕ್ಕು ಸಡಿಲಿಸುವ ಎಣ್ಣೆ, ಸಿಲಿಕೋನ್ ಲೂಬ್ರಿಕೆಂಟ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಡೈಎಲೆಕ್ಟ್ರಿಕ್ ಗ್ರೀಸ್. ಈ ಕೊನೆಯದು ವೈರ್ ಜೋಡಣೆಗಳಿಗೆ ನೀರು ಇಳಿಯದಂತೆ ಹಚ್ಚುವ ಗ್ರೀಸ್. ಇದು ಕರೆಂಟ್ ಹಾಯಿಸುವುದಿಲ್ಲ, ನೀರನ್ನು ತಡೆಯುತ್ತದೆ ಅಷ್ಟೆ. ಜತೆಗೆ ಮಧ್ಯದಲ್ಲಿ ಫ್ಯೂಸ್ ಇರುವ ಎರಡು ಉದ್ದನೆಯ ಜಂಪರ್ ವೈರ್, ಕೈಗವಸು, ಕಣ್ಣಿಗೆ ಕನ್ನಡಕ, ಮಲಗಲು ಒಂದು ರಟ್ಟು. ಕೆಳಗೆ ಮಲಗಿ ತಲೆ ಎತ್ತಿ ನೋಡುವಾಗ ತುಕ್ಕಿನ ಪುಡಿ ಉದುರುವುದು ನೇರ ಕಣ್ಣಿಗೇ. ಕನ್ನಡಕ ಬೇಕೇ ಬೇಕು.

ಕೆಳಗೆ ಮಲಗೋ ಮೊದಲು

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ. ಗಾಡಿಯ ಹೈಡ್ರಾಲಿಕ್ ಜ್ಯಾಕ್ ಮೇಲೆ ಎತ್ತಿಕೊಂಡು, ಅದನ್ನೇ ನಂಬಿ ಕೆಳಗೆ ತೂರಬೇಡಿ.

ಮೆಟ್ಟಿಲಿನ ಕೀಲುಗಳು ಕತ್ತರಿಯ ಹಾಗೆ ಮುಚ್ಚಿಕೊಳ್ಳುತ್ತವೆ. ಬೆರಳು ಸಿಕ್ಕರೆ ಹೋಯಿತು. ಕೈ ಹಾಕುವ ಕೆಲಸವಿದ್ದಾಗಲೆಲ್ಲ ಮೆಟ್ಟಿಲಿನ ವಿದ್ಯುತ್ ಪ್ಲಗ್ ಬಿಚ್ಚಿ. ಬಾಗಿಲ ಪಕ್ಕದ ಸ್ವಿಚ್ ಆಫ್ ಮಾಡಿದರೆ ಸಾಲದು. ಇಗ್ನಿಷನ್ (ಎಂಜಿನ್ನಿನ ಕೀಲಿ) ಆನ್ ಆದರೆ ಸ್ವಿಚ್ ಆಫ್ ಇದ್ದರೂ ಮೆಟ್ಟಿಲು ಓಡಾಡುತ್ತದೆ. ಪ್ಲಗ್ ಮತ್ತೆ ಹಾಕಿದ ಕೂಡಲೇ ತಾನಾಗಿಯೇ ಚಲಿಸಲೂಬಹುದು, ಆಗ ಕೈ ದೂರವಿರಲಿ. ಮಕ್ಕಳು ಬಾಗಿಲು ತೆಗೆದು ಮುಚ್ಚಿ ಆಡದಂತೆ ಯಾರಾದರೂ ಕಾವಲಿರಬೇಕು.

ಹಂತ 1: ಸುಮ್ನೆ ನಿಂತು ಕೇಳಿಸಿಕೊಳ್ಳಿ

ಇನ್ನೊಬ್ಬರಿಗೆ ಬಾಗಿಲು ತೆಗೆದು ಮುಚ್ಚಲು ಹೇಳಿ. ನೀವು ಪಕ್ಕದಲ್ಲಿ ನಿಂತು ಗಮನಿಸಿ.

ಸದ್ದೇ ಇಲ್ಲ ಅಂದರೆ ಕರೆಂಟ್ ಬರುತ್ತಿಲ್ಲ, ಅಥವಾ ಬಾಗಿಲ ಸಂದೇಶ ತಲುಪುತ್ತಿಲ್ಲ. 2, 3, 4ನೇ ಹಂತ ನಿಮಗೆ. ಒಮ್ಮೆ ಟಕ್ ಅಂದು ಸುಮ್ಮನಾದರೆ ವೋಲ್ಟೇಜ್ ಸಾಲುತ್ತಿಲ್ಲ, ಇಲ್ಲವೇ ಕೀಲು ಕಚ್ಚಿಕೊಂಡಿದೆ. ಮೋಟರ್ ಗುಂಯ್ ಅಂತ ತಿರುಗುತ್ತೆ ಆದರೆ ಮೆಟ್ಟಿಲು ಅಲ್ಲಾಡಲ್ಲ ಅಂದರೆ ಗೇರಿನ ಹಲ್ಲು ಸವೆದಿದೆ ಅಥವಾ ಪಿನ್ ಬಿದ್ದುಹೋಗಿದೆ. ನೇರ 6ನೇ ಹಂತಕ್ಕೆ ಹೋಗಿ. ಹೊರಗೆ ಬಂದು ತಕ್ಷಣ ವಾಪಸ್ ಹೋಗುತ್ತಿದ್ದರೆ ಮೊದಲು ಆಯಸ್ಕಾಂತ ನೋಡಿ.

ಓಡುತ್ತಿರುವಾಗ ಮೆಟ್ಟಿಲು ತಾನೇ ಹೊರಗೆ ಬರುತ್ತಿದ್ದರೆ ಅದನ್ನು ಸರಿ ಮಾಡದೆ ರಸ್ತೆಗೆ ಇಳಿಯಬೇಡಿ. ಬಾಗಿಲು ಕಂಪಿಸಿದಾಗ ಆಯಸ್ಕಾಂತ ಸ್ವಿಚ್‌ನಿಂದ ದೂರ ಸರಿದು, ಬಾಗಿಲು ತೆರೆಯಿತು ಅಂತ ಕಂಟ್ರೋಲರ್ ತಿಳಿದುಕೊಳ್ಳುತ್ತಿರಬಹುದು. ಹೊರಚಾಚಿದ ಮೆಟ್ಟಿಲು ಸೈಕಲ್‌ನವರಿಗೂ ಫುಟ್‌ಪಾತ್ ಅಂಚಿನವರಿಗೂ ಅಪಾಯ.

ಹಂತ 2: ಸ್ವಿಚ್, ಬ್ಯಾಟರಿ, ಫ್ಯೂಸ್

ಬಾಗಿಲ ಒಳಗೆ ಪಕ್ಕದಲ್ಲೇ ಮೆಟ್ಟಿಲಿನ ಸ್ವಿಚ್ ಇದೆ. ಆಫ್ ಆಗಿದೆಯಾ ನೋಡಿ. ನಗಬೇಡಿ, ನೆಂಟರು ಲೈಟ್ ಸ್ವಿಚ್ ಅಂತ ಅದನ್ನೇ ಒತ್ತಿರುತ್ತಾರೆ.

ಆಮೇಲೆ ಬ್ಯಾಟರಿ. ಇಲ್ಲಿ ತುಂಬ ಜನ ಎಡವುತ್ತಾರೆ. ಮೋಟರ್‌ಹೋಮ್‌ನಲ್ಲಿ ಎರಡು ಥರದ ಬ್ಯಾಟರಿ ಇರುತ್ತದೆ: ಒಳಗಿನ ಲೈಟು, ಪಂಪಿಗೆ ಒಂದು, ಎಂಜಿನ್ ಸ್ಟಾರ್ಟ್ ಮಾಡಲು ಇನ್ನೊಂದು. ಬಹಳಷ್ಟು ಗಾಡಿಗಳಲ್ಲಿ ಮೆಟ್ಟಿಲಿಗೆ ಕರೆಂಟ್ ಬರೋದು ಎಂಜಿನ್ ಬ್ಯಾಟರಿಯಿಂದ. ಒಳಗೆ ಲೈಟೆಲ್ಲ ಝಗಮಗ ಉರಿಯುತ್ತಿದೆ, ಹಾಗಾಗಿ ಬ್ಯಾಟರಿ ಸರಿ ಇದೆ ಅಂದುಕೊಂಡರೆ ತಪ್ಪಾಗುತ್ತದೆ. ಚಳಿಗಾಲವೆಲ್ಲ ನಿಂತ ಗಾಡಿಯಲ್ಲಿ ಎಂಜಿನ್ ಬ್ಯಾಟರಿ ಸತ್ತಿರೋದು ಸಾಮಾನ್ಯ. ಮೀಟರ್ ಇಟ್ಟು ನೋಡಿ. ಪೂರ್ತಿ ಚಾರ್ಜ್ ಆದ ಲೆಡ್ ಬ್ಯಾಟರಿ, ಸ್ವಲ್ಪ ಹೊತ್ತು ವಿಶ್ರಾಂತಿಯಲ್ಲಿದ್ದಾಗ, ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಆಸುಪಾಸು ಇದ್ದರೆ ಅರ್ಧ ಖಾಲಿ. ಹಾಗಿದ್ದರೆ ಚಾರ್ಜ್ ಮಾಡಿ, ಮತ್ತೆ ಪ್ರಯತ್ನಿಸಿ.

ಫ್ಯೂಸನ್ನು ಕಣ್ಣಲ್ಲಿ ನೋಡಿ ಸರಿ ಇದೆ ಅನ್ನಬೇಡಿ. ಹೊರತೆಗೆದು ಮೀಟರಿನ ಬೀಪ್ ಮೋಡಿನಲ್ಲಿ ಪರೀಕ್ಷಿಸಿ, ಬೀಪ್ ಅಂದರೆ ಫ್ಯೂಸ್ ಸರಿ ಇದೆ. ಅದು ಕೂರುವ ಜಾಗದಲ್ಲಿ ಹಸಿರು ಕಿಲುಬು ಇದ್ದರೆ ಕೆರೆದು ತೆಗೆಯಿರಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕಬೇಡಿ. ವೈರ್ ಎಲ್ಲೋ ಉಜ್ಜಿ ಲೋಹಕ್ಕೆ ತಾಗುತ್ತಿದೆ ಅಥವಾ ಕೀಲು ಬಿಗಿದಿದೆ. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡೋದು ವೈರ್.

ಹಂತ 3: ಬಾಗಿಲ ಆಯಸ್ಕಾಂತ

ಬಾಗಿಲು ತೆಗೆದಿಡಿ. ಗಟ್ಟಿಯಾದ ಒಂದು ಆಯಸ್ಕಾಂತ ತೆಗೆದುಕೊಂಡು ಚೌಕಟ್ಟಿನ ಸ್ವಿಚ್‌ಗೆ ಹಿಡಿಯಿರಿ. ಬಾಗಿಲು ಮುಚ್ಚಿತು ಅಂದುಕೊಂಡು ಮೆಟ್ಟಿಲು ಒಳಗೆ ಹೋಗಬೇಕು. ತೆಗೆದರೆ ಹೊರಗೆ ಬರಬೇಕು. ಹೀಗೆ ಕೈಯಲ್ಲಿ ಕೆಲಸ ಮಾಡಿ ಬಾಗಿಲಿನಿಂದ ಮಾಡದಿದ್ದರೆ ಬಾಗಿಲ ಆಯಸ್ಕಾಂತ ಬಿದ್ದಿದೆ, ಅಥವಾ ಬಾಗಿಲು ಜೋತು ಎದುರುಬದುರು ಸೇರುತ್ತಿಲ್ಲ. ಮುಚ್ಚಿದಾಗ ಎರಡರ ನಡುವೆ ಬೆರಳು ದಪ್ಪದ ಸಂದು ಇದ್ದರೆ ಅದು ಜಾಸ್ತಿ. ಆಯಸ್ಕಾಂತದ ಹಿಂದೆ ತೆಳು ಪ್ಲಾಸ್ಟಿಕ್ ತುಂಡು ಇಟ್ಟು ಮುಂದಕ್ಕೆ ತನ್ನಿ.

ಕೈಯಲ್ಲಿ ಹಿಡಿದರೂ ಏನೂ ಆಗದಿದ್ದರೆ ಸ್ವಿಚ್ ಬಿಚ್ಚಿ, ಅದರ ಎರಡು ವೈರ್‌ಗೆ ಮೀಟರ್ ಹಾಕಿ. ಆಯಸ್ಕಾಂತ ಹತ್ತಿರ ತಂದಾಗ, ದೂರ ಒಯ್ದಾಗ ಬೀಪ್ ಬದಲಾಗಬೇಕು. ಬದಲಾಗದಿದ್ದರೆ ಸ್ವಿಚ್ ಹೋಗಿದೆ. ಸ್ವಿಚ್ ಚೆನ್ನಾಗಿದ್ದರೆ ಅಲ್ಲಿಂದ ಮೆಟ್ಟಿಲವರೆಗಿನ ವೈರ್ ನೋಡಬೇಕು.

ಹಂತ 4: ಮೋಟರ್ ತಿರುಗುವಾಗಲೇ ವೋಲ್ಟೇಜ್ ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡೋಕೆ ಸಮಯ ಇದ್ದರೆ ಇದನ್ನು ಮಾಡಿ.

ಕಂಟ್ರೋಲರ್‌ಗೆ ಬರುವ ಪ್ಲಗ್‌ಗಳಲ್ಲಿ ದಪ್ಪ ವೈರಿನ ಪ್ಲಗ್ ಒಂದಿರುತ್ತದೆ. ಅದರಲ್ಲಿ ಒಂದು ಬ್ಯಾಟರಿಯ ಪಾಸಿಟಿವ್, ಇನ್ನೊಂದು ಗ್ರೌಂಡ್, ಅಂದರೆ ಗಾಡಿಯ ಚಾಸಿಗೆ (ಕೆಳಗಿನ ಲೋಹದ ಚೌಕಟ್ಟಿಗೆ) ಸೇರುವ ನೆಗೆಟಿವ್. ಬಣ್ಣ ನೋಡಿ ಊಹಿಸಬೇಡಿ. ಗಾಡಿ ಕಟ್ಟಿದವರು ತಮಗೆ ಸಿಕ್ಕ ಬಣ್ಣದ ವೈರ್ ಎಳೆದಿರುತ್ತಾರೆ. ನಿಮ್ಮ ಮಾದರಿಯ ವೈರಿಂಗ್ ಚಿತ್ರ ಜತೆಗಿಟ್ಟುಕೊಳ್ಳಿ.

ಪ್ಲಗ್ ಬಿಚ್ಚಿ ಅಳೆದರೆ 12.5 ತೋರಿಸಬಹುದು. ಅದನ್ನು ನಂಬಬೇಡಿ. ಒಳಗೆ ಕಿಲುಬು ತಿಂದು ಎರಡೇ ಎಳೆ ಉಳಿದ ವೈರ್ ಕೂಡ ಮೀಟರಿಗೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೀಟರ್ ಕೇಳೋದು ಅಷ್ಟು ಕಡಿಮೆ ಕರೆಂಟ್. ಮೋಟರ್ ಕೇಳಿದಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ಪ್ಲಗ್ ಹಾಕಿಯೇ ಇಡಿ, ಮೀಟರ್ ಮುಳ್ಳುಗಳನ್ನು (ಅದರ ವೈರ್ ತುದಿಯ ಚೂಪು ಕಡ್ಡಿಗಳನ್ನು) ಪ್ಲಗ್ಗಿನ ಹಿಂದಿನಿಂದ ತೂರಿಸಿ, ಇನ್ನೊಬ್ಬರಿಗೆ ಬಾಗಿಲು ತೆಗೆಯಲು ಹೇಳಿ. ಮೋಟರ್ ಎಳೆಯುವ ಹೊತ್ತಿಗೆ ವೋಲ್ಟೇಜ್ 9ಕ್ಕೋ 10ಕ್ಕೋ ಕುಸಿದರೆ ಕಳ್ಳ ಸಿಕ್ಕ.

ಪಾಸಿಟಿವ್ ಕಡೆಯಾ, ಗ್ರೌಂಡ್ ಕಡೆಯಾ ಅಂತ ತಿಳಿಯಲು ಇನ್ನೊಂದು ಅಳತೆ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್‌ಗೆ (ಉದ್ದನೆಯ ಜಂಪರ್ ವೈರ್ ಇಲ್ಲಿ ಬೇಕಾಗುತ್ತದೆ), ಇನ್ನೊಂದು ಮೆಟ್ಟಿಲಿನ ಗ್ರೌಂಡ್ ವೈರ್‌ಗೆ. ಮೆಟ್ಟಿಲು ಚಲಿಸುವಾಗ ಇಲ್ಲಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್‌ಗಿಂತ ಮೇಲೆ ಹೋದರೆ ಗ್ರೌಂಡ್ ಕೆಟ್ಟಿದೆ. ಹಳೆ ಗಾಡಿಗಳಲ್ಲಿ ನನಗೆ ಮೊದಲ ಅನುಮಾನ ಬರೋದು ಗ್ರೌಂಡ್ ಮೇಲೇ. ಚಾಸಿಗೆ ಬಿಗಿದ ಒಂದು ಸ್ಕ್ರೂ, ಅದರ ಸುತ್ತ ತುಕ್ಕು, ಮೇಲೆ ಚಕ್ರದಿಂದ ಸಿಡಿದ ಕೆಸರು. ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಹಾಕಿ ಬಿಗಿಯಿರಿ, ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ರಿಂಗ್ ಟರ್ಮಿನಲ್ ಅಂದರೆ ವೈರ್ ತುದಿಗೆ ಒತ್ತಿ ಕೂರಿಸುವ ಉಂಗುರ.

ವೈರ್ ಜೋಡಿಸುವಾಗ ಬರೀ ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲ ಬಾಳಲ್ಲ. ಬಿಸಿ ಮಾಡಿದರೆ ಕುಗ್ಗಿ ಅಂಟಿಕೊಳ್ಳುವ ಕನೆಕ್ಟರ್ ಬಳಸಿ.

ಹಂತ 5: ಮೋಟರಿಗೆ ನೇರ ಕರೆಂಟ್

ಕರೆಂಟ್ ಸರಿಯಾಗಿ ಬರುತ್ತಿದೆ, ಬಾಗಿಲ ಸ್ವಿಚ್ ಚೆನ್ನಾಗಿದೆ, ಆದರೂ ಅಲ್ಲಾಡುತ್ತಿಲ್ಲ. ಈಗ ಮೋಟರಿನ ಎರಡು ವೈರನ್ನು ಕಂಟ್ರೋಲರ್‌ನಿಂದ ಬಿಚ್ಚಿ. ಫ್ಯೂಸ್ ಇರುವ ಜಂಪರ್‌ನಿಂದ 12 ವೋಲ್ಟ್ ಕೊಡಿ. ಒಂದು ಕಡೆಗೆ ತಿರುಗಬೇಕು. ಪಾಸಿಟಿವ್ ನೆಗೆಟಿವ್ ಅದಲುಬದಲು ಮಾಡಿದರೆ ಇನ್ನೊಂದು ಕಡೆಗೆ.

ಎಚ್ಚರ: ಈಗ ಮಧ್ಯೆ ಕಂಟ್ರೋಲರ್ ಇಲ್ಲ. ಕೊನೆ ಮುಟ್ಟಿದರೂ ನಿಲ್ಲಿಸುವವರು ಯಾರೂ ಇಲ್ಲ. ಕ್ಷಣ ಕೊಟ್ಟು ತೆಗೆಯಿರಿ, ಮತ್ತೆ ಕ್ಷಣ ಕೊಡಿ. ಹಿಡಿದೇ ನಿಂತರೆ ಫ್ಯೂಸ್ ಹೋದರೆ ಪುಣ್ಯ, ಇಲ್ಲವಾದರೆ ಗೇರಿನ ಹಲ್ಲು.

ಹೀಗೆ ಚೆನ್ನಾಗಿ ಓಡಿದರೆ ಮೋಟರ್ ಸರಿ ಇದೆ. ಓಡದಿದ್ದರೂ ಕೂಡಲೇ ಮೋಟರಿನ ಮೇಲೆ ಹೇಳಬೇಡಿ, ಮುಂದಿನ ಹಂತ ಮಾಡಿ.

ಹಂತ 6: ಮೋಟರ್ ಬಿಡಿಸಿ ಕೈಯಲ್ಲಿ ಆಡಿಸಿ

ಮೋಟರಿನ ಗೇರ್ ತೋಳು ಮೆಟ್ಟಿಲಿಗೆ ಸೇರುವ ಜಾಗದಲ್ಲಿ ಕ್ಲೆವಿಸ್ ಪಿನ್ ಇರುತ್ತದೆ. ಇದು ಅಡ್ಡಲಾಗಿ ತೂರಿಸಿದ ಒಂದು ಗಿಡ್ಡ ಸರಳು. ಜಾರದಂತೆ ತುದಿಯಲ್ಲಿ ಬಾಗಿಸಿದ ತಂತಿ ಪಿನ್ ಇರುತ್ತದೆ. ವಿದ್ಯುತ್ ಪ್ಲಗ್ ಬಿಚ್ಚಿ, ಒಂದು ಕೈಯಲ್ಲಿ ಮೆಟ್ಟಿಲಿಗೆ ಆಸರೆ ಕೊಟ್ಟು ಪಿನ್ ತೆಗೆಯಿರಿ. ಆಸರೆ ಇಲ್ಲದಿದ್ದರೆ ಮೆಟ್ಟಿಲು ದಢಕ್ಕನೆ ಬೀಳುತ್ತದೆ.

ಈಗ ಕೈಯಲ್ಲಿ ಒಳಗೆ ಹೊರಗೆ ಆಡಿಸಿ. ಸಲೀಸಾಗಿ ಆಡಬೇಕು. ಎಲ್ಲಾದರೂ ಕಚ್ಚಿದರೆ, ಕರಕರ ಅಂದರೆ, ದೋಷ ಆ ಕೀಲಿನಲ್ಲಿದೆ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಒಂದಿಷ್ಟು ಹೊತ್ತು ನೆನೆಯಲು ಬಿಟ್ಟು, ಮತ್ತೆ ಆಡಿಸಿ. ಸುತ್ತಿಗೆ ಬೇಡ. ಮೆಟ್ಟಿಲ ತಗಡು ಒಮ್ಮೆ ಸೊಟ್ಟಗಾದರೆ ಆಮೇಲೆ ಯಾವ ಎಣ್ಣೆಯೂ ಕೆಲಸ ಮಾಡಲ್ಲ.

ಪಿನ್ ಮತ್ತು ಅದರ ತೂತು ನೋಡಿ. ತೂತು ದುಂಡಗಿರದೆ ಉದ್ದಕ್ಕೆ ಸವೆದಿದ್ದರೆ ಮೆಟ್ಟಿಲು ಲೊಡಲೊಡ ಅನ್ನುತ್ತದೆ. ಪಿನ್ ಬದಲಿಸಿದರೆ ಸಾಲದು, ಕೀಲುತೋಳಿನ ಕಿಟ್ ಹಾಕಬೇಕು. ಗೇರ್ ಬೀಸಣಿಗೆಯ ಆಕಾರದಲ್ಲಿರುತ್ತದೆ. ಅದರ ಎಲ್ಲ ಹಲ್ಲುಗಳೂ ಚೂಪಾಗಿ, ಒಂದೇ ಸಮ ಇವೆಯಾ ಟಾರ್ಚ್ ಬಿಟ್ಟು ನೋಡಿ.

ಮೆಟ್ಟಿಲು ಕೈಯಲ್ಲಿ ಸಲೀಸು, ಗೇರೂ ಚೆನ್ನಾಗಿದೆ, ಬಿಡಿಸಿದ ಮೋಟರ್ ಮಾತ್ರ ನೇರ ಕರೆಂಟಿಗೂ ತಿರುಗಲ್ಲ ಅಂದರೆ ಆಗ ಮೋಟರ್ ಹೋಗಿದೆ. ಮೋಟರ್ ನೇರ ಕರೆಂಟಿಗೆ ತಿರುಗುತ್ತೆ, ಕಂಟ್ರೋಲರ್ ಮೂಲಕ ತಿರುಗಲ್ಲ, ಮೇಲಿನ ಎಲ್ಲ ಪರೀಕ್ಷೆಯೂ ಪಾಸ್ ಅಂದರೆ ಕಂಟ್ರೋಲರ್ ಹೋಗಿದೆ. ಹೊಸದು ತರಿಸುವ ಮೊದಲು ಅದರ ಪ್ಲಗ್‌ಗಳನ್ನು ಒಮ್ಮೆ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಒಣಗಿಸಿ, ಮತ್ತೆ ಹಾಕಿ ನೋಡಿ.

ಬಿಡಿಭಾಗ ತರಿಸುವಾಗ ಚಿತ್ರ ನೋಡಿ ಆರ್ಡರ್ ಮಾಡಬೇಡಿ. ಮೆಟ್ಟಿಲ ಚೌಕಟ್ಟಿನ ಮೇಲೆ ಲೇಬಲ್ ಇರುತ್ತದೆ, ಅದರ ಸೀರೀಸ್ ಮತ್ತು ಸೀರಿಯಲ್ ನಂಬರ್ ಬೇಕು. ನೋಡಲು ಒಂದೇ ಥರ ಇರುವ ಮೋಟರ್‌ಗಳಿಗೆ ಬೇರೆ ಬೇರೆ ಕೀಲುತೋಳು ಇರುತ್ತದೆ. ಲೇಬಲ್ ಅಳಿಸಿಹೋಗುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 7: ತೊಳೆದು ಎಣ್ಣೆ ಹಾಕಿ

ರಿಪೇರಿ ಆದ ಮೇಲೂ, ರಿಪೇರಿ ಬೇಕಿಲ್ಲದಿದ್ದರೂ ಇದು ನಡೆಯುತ್ತಿರಬೇಕು. ತಿರುಗಾಟದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಮಾಡಿದರೆ ಒಳ್ಳೆಯದು. ಮಿಶಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ನೀರು ಸಿಡಿಯೋದು ನೇರ ಮೆಟ್ಟಿಲಿಗೆ. ಉಪ್ಪಿನ ರಸ್ತೆಯಲ್ಲಿ ಓಡಿಸಿ ಬಂದರೆ ಅಥವಾ ಸಮುದ್ರದ ಪಕ್ಕ ನಿಲ್ಲಿಸಿದ್ದರೆ ತಿಂಗಳು ಕಾಯದೆ ಸಾದಾ ನೀರಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಅನ್ನು ಮೋಟರ್, ಕಂಟ್ರೋಲರ್ ಕಡೆ ತಿರುಗಿಸಬೇಡಿ. ತೋಟದ ಪೈಪು ಸಾಕು.

ಒಣಗಿದ ಮೇಲೆ ಪ್ರತಿ ಕೀಲಿಗೂ, ಪಿನ್ನಿಗೂ, ಗೇರಿನ ಹಲ್ಲಿಗೂ ಸಿಲಿಕೋನ್ ಲೂಬ್ರಿಕೆಂಟ್ ಹಾಕಿ ಮೆಟ್ಟಿಲನ್ನು ಕೆಲವು ಸಲ ಓಡಿಸಿ. ಅಡುಗೆಮನೆಯ ಎಣ್ಣೆ ಬೇಡ, ಅಂಟಾಗುತ್ತದೆ. ಡಬ್ಲ್ಯೂಡಿ-40 ಸ್ಪ್ರೇ ತುಕ್ಕು ಬಿಡಿಸಲು, ನೀರು ಓಡಿಸಲು ಒಳ್ಳೆಯದು. ಆದರೆ ಬೇಗ ಆರಿಹೋಗುತ್ತದೆ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ದಪ್ಪ ಗ್ರೀಸನ್ನು ಮೆತ್ತಿದರೆ ಮರಳು, ಧೂಳು ಅದಕ್ಕೆ ಹತ್ತಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ತೆಳುವಾಗಿ ಹಾಕಿ, ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿ.

ಹಾಗೇ ಚಾಸಿಗೆ ಮೆಟ್ಟಿಲು ಹಿಡಿದ ಬೋಲ್ಟ್‌ಗಳನ್ನೂ ಬಿಗಿಯಿರಿ. ವೆಲ್ಡಿಂಗ್ ಬಿರುಕು ಬಿಟ್ಟಿದ್ದರೆ ಅದರ ಮೇಲೆ ಯಾರನ್ನೂ ಹತ್ತಿಸಬೇಡಿ. ಅದು ವೆಲ್ಡರ್ ಕೆಲಸ.

ಕ್ಯಾಂಪಿನಲ್ಲಿ ಬಳಸುವ ರೀತಿ

ನಿಲ್ಲಿಸಿದ ಮೇಲೆ ಮೆಟ್ಟಿಲು ಹೊರಗಿರುವಾಗ ಬಾಗಿಲ ಪಕ್ಕದ ಸ್ವಿಚ್ ಆಫ್ ಮಾಡಿಬಿಡಿ. ಮೆಟ್ಟಿಲು ಹೊರಗೇ ನಿಲ್ಲುತ್ತದೆ. ಹೀಗೆ ಮಾಡದಿದ್ದರೆ ಏನಾಗುತ್ತೆ? ಊರಿಂದ ಬಂದ ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ, ಸೊಳ್ಳೆ ಬರುತ್ತೆ ಅಂತ ಹಿಂದಿನಿಂದ ಬಾಗಿಲು ಎಳೆದುಕೊಳ್ಳುತ್ತಾರೆ. ಬಾಗಿಲು ಮುಚ್ಚಿತು ಅಂತ ಮೆಟ್ಟಿಲು ಅವರ ಕಾಲ ಕೆಳಗೇ ಒಳಗೆ ಹೊರಡುತ್ತದೆ. ವಯಸ್ಸಾದವರು, ಮಕ್ಕಳು ಇರುವ ಗಾಡಿಯಲ್ಲಿ ಈ ಒಂದು ಅಭ್ಯಾಸ ಎಲ್ಲರಿಗೂ ಇರಲಿ. ರಾತ್ರಿ ಹತ್ತಾರು ಸಲ ಒಳಗೆ ಹೊರಗೆ ಓಡಾಡಿ ಮೋಟರ್ ಸವೆಯೋದೂ ತಪ್ಪುತ್ತದೆ.

ಸ್ವಿಚ್ ಆಫ್ ಇದ್ದರೂ, ಬಾಗಿಲು ಮುಚ್ಚಿ ಇಗ್ನಿಷನ್ ಆನ್ ಮಾಡಿದರೆ ಮೆಟ್ಟಿಲು ಒಳಗೆ ಹೋಗಬೇಕು. ಅದು ಸುರಕ್ಷತೆಗೆ ಇಟ್ಟ ವ್ಯವಸ್ಥೆ. ಹೋಗದಿದ್ದರೆ ಕಂಟ್ರೋಲರ್‌ಗೆ ಬರುವ ಇಗ್ನಿಷನ್ ವೈರ್ ಪರೀಕ್ಷಿಸಿ. ಕೀಲಿ ತಿರುಗಿಸಿದಾಗ ಅದರಲ್ಲಿ 12 ವೋಲ್ಟ್ ಬರಬೇಕು. ವ್ಯವಸ್ಥೆ ಸರಿಯಿದ್ದರೂ ಹೊರಡುವ ಮೊದಲು ಒಬ್ಬರು ಇಳಿದು ಕಣ್ಣಾರೆ ನೋಡಲಿ. ಬಾಗಿಲಿರುವುದು ಚಾಲಕನ ಎದುರು ಬದಿಯಲ್ಲಿ, ಸೀಟಿನಿಂದ ಮೆಟ್ಟಿಲು ಕಾಣಲ್ಲ.

ದಾರಿ ಮಧ್ಯೆ ಮೆಟ್ಟಿಲು ಒಳಗೆ ಹೋಗದಿದ್ದರೆ

ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ನೋಡಿ. ಎಂಜಿನ್ ಜತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್ ವೋಲ್ಟೇಜ್ ಏರಿಸುತ್ತದೆ, ಸೊರಗಿದ ಮೆಟ್ಟಿಲು ಎಷ್ಟೋ ಸಲ ಅಷ್ಟಕ್ಕೇ ಎದ್ದುಬಿಡುತ್ತದೆ. ಆಗದಿದ್ದರೆ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿ, ಮೆಟ್ಟಿಲಿನ ವಿದ್ಯುತ್ ಪ್ಲಗ್ ಬಿಚ್ಚಿ. ಕ್ಲೆವಿಸ್ ಪಿನ್ ತೆಗೆದು ಮೆಟ್ಟಿಲನ್ನು ಕೈಯಲ್ಲಿ ಒಳಗೆ ತಳ್ಳಿ, ರ‍್ಯಾಚೆಟ್ ಪಟ್ಟಿಯಿಂದ (ಹಿಡಿ ಆಡಿಸಿ ಬಿಗಿಸುವ ಸಾಮಾನು ಕಟ್ಟುವ ಪಟ್ಟಿ) ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ. ಪ್ಲಾಸ್ಟಿಕ್ ಕೇಬಲ್ ಟೈ ಸಾಲದು, ಹೈವೇಯ ಕುಲುಕಾಟಕ್ಕೆ ಕಿತ್ತುಬರುತ್ತದೆ. ಪಟ್ಟಿಯ ಬಾಲ ಎಕ್ಸಾಸ್ಟ್ ಪೈಪಿಗಾಗಲಿ ಚಕ್ರಕ್ಕಾಗಲಿ ತಾಗದಂತೆ ಸುತ್ತಿ ಸಿಕ್ಕಿಸಿ. ತೆಗೆದ ಪಿನ್ನನ್ನು ಕೈಗವಸಿನ ಜತೆ ಡ್ಯಾಶ್‌ಬೋರ್ಡ್ ಖಾನೆಯಲ್ಲಿಡಿ, ಮತ್ತೆ ಬೇಕಾಗುತ್ತದೆ. ಇಳಿಯುವ ಜಾಗಕ್ಕೆ ಅಂತ ಗಾಡಿಯಲ್ಲಿ ಒಂದು ಮಡಚುವ ಸ್ಟೂಲ್ ಇಟ್ಟಿರಿ. ಅಗಲವಾದ ಕಾಲಿನದು, ಮೇಲೆ ರಬ್ಬರ್ ಇರುವುದು ನೋಡಿ ತೆಗೆದುಕೊಳ್ಳಿ.